ಕ್ಯಾಸೆಟ್ಟಿನ ಬಾಲ

ಹೋದ ತಿಂಗಳು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದೆ. ಅಲ್ಲಿದ್ದ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ. ಅವಳು ಪಾಪ, "ನೋವಾಯ್ತಾ ಆಂಟಿ?" ಎಂದು ಕೇಳಿದಳು. ಇಲ್ಲಮ್ಮ ಅಂದೆ. ಸ್ಪಿರಿಟ್ಟಿನ ವಾಸನೆ ಬೇರೆಯವರಿಗೆ ಆಸ್ಪತ್ರೆಯನ್ನು ನೆನಪಿಸಬಹುದು. ನನಗೆ ನಮ್ಮ ಬೀದಿಯ ಕ್ಯಾಸೆಟ್ ಅಣ್ಣನ ಕೈಗಳನ್ನು ನೆನಪಿಸುತ್ತದೆ. ಕಡೆಯ ಸಲ ಅವರು ನನ್ನ ಜೊತೆ ಬಾಯಿ ಬಿಟ್ಟು ಮಾತಾಡಿದ ದಿನ ಅವರ ಕೈ ಅದೇ ವಾಸನೆ ಹೊಡೆಯುತ್ತಿತ್ತು.

ಅದು ಮೂರು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನವಿತ್ತು. ದೊಡ್ಡಬಳ್ಳಾಪುರದ ಮಗ್ಗದವರಿಗೆ ಅದು ಉಸಿರಾಡಲೂ ಬಿಡುವಿಲ್ಲದ ಕಾಲ. ನೇಯ್ದ ಸೀರೆಗಳನ್ನು ಸಾಹುಕಾರರ ಅಂಗಡಿಗೆ ಮುಟ್ಟಿಸಿ ನಾನು ವಾಪಸು ಬರುತ್ತಿದ್ದೆ. ಕ್ಯಾಸೆಟ್ ಅಣ್ಣ ಮನೆಯ ಜಗಲಿಯ ಮೇಲೆ ಹಳೇ ವಿಸಿಆರ್ ಬಿಚ್ಚಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಸ್ಪಿರಿಟ್ ಸೀಸೆ, ಹಳೇ ಪಂಚೆಯ ತುಂಡು. ಅವರ ಕ್ಯಾಸೆಟ್ ಅಂಗಡಿ ಮುಚ್ಚಿ ಆಗಲೇ ಎಷ್ಟೋ ವರ್ಷವಾಗಿತ್ತು.

"ಏನಣ್ಣ, ಇನ್ನೂ ಅದನ್ನ ಬಿಚ್ಚಾಕ್ಕೊಂಡು ಕೂತಿದೀರಾ?" ಅಂದೆ.

"ಹೆಡ್ ಒರೆಸ್ತಿದೀನಿ ಕಣಮ್ಮ. ಈಗ ಬೆಣ್ಣೆ ಹಂಗೆ ಓಡ್ತೈತೆ. ಮಗಳನ್ನ ಕರ್ಕೊಂಡು ಬಾ, ಇವತ್ತೇ ಹಾಕ್ತೀನಿ."

"ಹಬ್ಬ ಕಳೀಲಿ ಅಣ್ಣ. ಇನ್ನೂ ಎಂಟು ಸೀರೆ ಇಳೀಬೇಕು."

"ಎಷ್ಟು ಹಬ್ಬ ಕಳೀತಮ್ಮ?" ಎಂದು ನಕ್ಕರು. "ಗೌರಿ ವರ್ಷ ವರ್ಷ ಬರ್ತಾಳೆ."

"ಕ್ಯಾಸೆಟ್ಟು ಎಲ್ಲಿಗೆ ಹೋಗ್ತೈತೆ ಬಿಡಿ" ಅಂದೆ.

ಅವರು ಪಂಚೆಯ ತುಂಡನ್ನು ಕೈಗೆತ್ತಿಕೊಂಡರು. ವಿಸಿಆರಿನ ಮುಚ್ಚಳದ ಮೇಲೆ ಉಗುರಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟಿ ಮತ್ತೆ ಒರೆಸಲು ಕೂತರು. ನಾನು ಮನೆಗೆ ಬಂದು ಮಗ್ಗ ಹಾಕಿದೆ. ಅಂದು ಸಾರು ಏನು ಮಾಡಿದ್ದೆ ಎಂಬುದೂ ನನಗೆ ನೆನಪಿದೆ. ಹುರುಳಿಕಾಳಿನ ಸಾರು. ಅಷ್ಟು ಸಾಮಾನ್ಯವಾದ ದಿನ ಅದು.

ಮೂರನೇ ದಿನ ಅವರು ಬಚ್ಚಲಲ್ಲಿ ಬಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು.

ಆ ಕ್ಯಾಸೆಟ್ಟಿನಲ್ಲಿ ಏನಿತ್ತು ಎಂದು ಹೇಳಬೇಕಾದರೆ ಮೊದಲು ಅಣ್ಣನ ಅಂಗಡಿಯ ವಿಷಯ ಹೇಳಬೇಕು.

ನಮ್ಮದು ಮಗ್ಗದ ಬೀದಿ. ಕರೆಂಟ್ ಇದ್ದಷ್ಟು ಹೊತ್ತು ಮಗ್ಗ ಓಡಲೇಬೇಕು. ಟಿವಿಯಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಧಾರಾವಾಹಿಗಳು ಬರುತ್ತಿದ್ದ ಕಾಲದಲ್ಲಿ, ಬೀದಿಯಲ್ಲಿ ಟಿವಿ ಇದ್ದ ಮನೆಯವರೂ ಅವನ್ನು ಸರಿಯಾಗಿ ನೋಡಿದವರಲ್ಲ. ಕರೆಂಟ್ ಇದ್ದರೆ ಮಗ್ಗದ ಮುಂದೆ ನಿಲ್ಲಬೇಕು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತಿತ್ತು, ಟಿವಿಯೂ ನಿಲ್ಲುತ್ತಿತ್ತು. ಕ್ಯಾಸೆಟ್ ಅಣ್ಣ ಅಪ್ಪನ ಕಾಲದ ಎರಡು ಮಗ್ಗದಲ್ಲಿ ಒಂದನ್ನು ಮಾರಿ, ಆ ಜಾಗದಲ್ಲಿ ಹಲಗೆಗಳನ್ನು ಹೊಡೆದು ಕ್ಯಾಸೆಟ್ ಲೈಬ್ರರಿ ಇಟ್ಟವರು. ವಾರ ವಾರದ ಧಾರಾವಾಹಿಯನ್ನು ವಿಸಿಆರಿನಲ್ಲಿ ಹಿಡಿದಿಡುತ್ತಿದ್ದರು. ಮಗ್ಗಕ್ಕೆ ರಜೆಯ ದಿನ ಅವರ ನಡುಮನೆಯಲ್ಲಿ ನಾವೆಲ್ಲ ಹೆಂಗಸರು ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತುವ ಕೆಲಸ ಹಿಡಿದುಕೊಂಡು ಕೂತು ನಾಲ್ಕು ವಾರದ ಕತೆಯನ್ನು ಒಂದೇ ಸಲ ನೋಡುತ್ತಿದ್ದೆವು. ಮಗ್ಗದ ಸದ್ದಿಗೆ ಕಿವಿ ಮಂದವಾದವರೇ ಎಲ್ಲ. "ಏನಂದಳೇ ಅವಳು? ಏನಂದಳು?" ಎಂದು ಕೇಳಿ ಕೇಳಿ, ಧಾರಾವಾಹಿಗಿಂತ ನಮ್ಮ ಗದ್ದಲವೇ ಹೆಚ್ಚಾಗಿರುತ್ತಿತ್ತು. ಅಣ್ಣ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಹಾಕುತ್ತಿದ್ದರು. ಒಂದು ದಿನವೂ ಬೇಸರಿಸಿಕೊಂಡವರಲ್ಲ.

ಅವರ ಅಂಗಡಿಯಲ್ಲಿ ಬರೆದಿಡುವ ಪುಸ್ತಕ ಇರಲಿಲ್ಲ. ಅದಕ್ಕೆ ಬದಲು ಡಬ್ಬಿಯ ಲೆಕ್ಕ. ಯಾರಾದರೂ ಕ್ಯಾಸೆಟ್ ತೆಗೆದುಕೊಂಡು ಹೋದರೆ ಖಾಲಿ ಡಬ್ಬಿ ಹಲಗೆಯ ಮೇಲೇ ಇರುತ್ತಿತ್ತು. ಯಾರಿಗಾದರೂ ಒಂದು ಕ್ಯಾಸೆಟ್ ಬೇಕು, ಆದರೆ ಈಗ ನೋಡಲು ಆಗುವುದಿಲ್ಲ ಎಂದರೆ ಅವರು ಖಾಲಿ ಡಬ್ಬಿಯನ್ನು ಮನೆಗೆ ಒಯ್ಯಬೇಕು. ಡಬ್ಬಿ ನಿಮ್ಮ ಮನೆಯಲ್ಲಿದ್ದರೆ, ಅದರ ಕ್ಯಾಸೆಟ್ಟು ಅಂಗಡಿಯಲ್ಲಿದ್ದರೂ ನಿಮ್ಮದು. ಊರಿನ ಎಂತಹ ದೊಡ್ಡ ಮನುಷ್ಯ ಬಂದು ಕೇಳಿದರೂ ಅಣ್ಣ ಕೊಡುತ್ತಿರಲಿಲ್ಲ. "ಡಬ್ಬಿ ತಾ, ಕೊಡ್ತೀನಿ" ಅನ್ನುತ್ತಿದ್ದರು.

ಇನ್ನೊಂದು ಪದ್ಧತಿ ಬಾಲದ್ದು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಎರಡೂವರೆ ಗಂಟೆಯ ಸಿನಿಮಾ ಹೋದರೆ ಕೊನೆಯಲ್ಲಿ ಅರ್ಧ ಗಂಟೆ ಖಾಲಿ ಉಳಿಯುತ್ತದಲ್ಲ, ಅದನ್ನು ಅವರು ಬಾಲ ಎನ್ನುತ್ತಿದ್ದರು. ಆ ಬಾಲವನ್ನು ಅವರು ಖಾಲಿ ಬಿಡುತ್ತಿರಲಿಲ್ಲ. ಮದುವೆ ವಿಡಿಯೋ ತೆಗೆಯುವ ಸ್ನೇಹಿತರೊಬ್ಬರಿದ್ದರು. ಆಷಾಢದಲ್ಲಿ ಮದುವೆ ಇಲ್ಲ, ಅವರ ಕ್ಯಾಮೆರಾಗೆ ಕೆಲಸ ಇಲ್ಲ. ಆ ಒಂದು ತಿಂಗಳು ಕ್ಯಾಮೆರಾ ಅಣ್ಣನ ಹೆಗಲ ಮೇಲೆ. ಬೀದಿಯ ನಲ್ಲಿ ಜಗಳ, ಗಾಳಿಪಟ, ಹಾಸು ಹೂಡುವ ಮುದುಕರು, ಯಾರದೋ ಮನೆಯ ಹಸು ಕರು ಹಾಕಿದ್ದು, ಹೀಗೆ ಏನು ಕಂಡರೂ ತೆಗೆದು ಯಾವುದೋ ಒಂದು ಸಿನಿಮಾದ ಬಾಲಕ್ಕೆ ಸೇರಿಸುತ್ತಿದ್ದರು. ಡಬ್ಬಿಯ ಮೇಲೆ ಬಾಲದ ವಿಷಯ ಏನೂ ಬರೆಯುತ್ತಿರಲಿಲ್ಲ. ಬಾಲ ಇರುವ ಕ್ಯಾಸೆಟ್ ಕೊಡುವಾಗ ಅದರ ಮೇಲೆ ಉಗುರಿನಿಂದ ಎರಡು ಸಲ ತಟ್ಟಿ ಕೊಡುತ್ತಿದ್ದರು. ಸಿನಿಮಾ ಮುಗಿದ ತಕ್ಷಣ ಆರಿಸಬೇಡಿ, ಕೊನೇತನಕ ನೋಡಿ ಎಂದು ಅದರ ಅರ್ಥ. ಬೀದಿಯವರಿಗೆಲ್ಲ ಆ ಸನ್ನೆ ಗೊತ್ತಿತ್ತು. ಮಗ್ಗದ ಸದ್ದಿನಲ್ಲಿ ಆ ತಟ್ಟುವಿಕೆ ಕೇಳಿಸುತ್ತಿರಲಿಲ್ಲ. ಬೆರಳು ನೋಡಿಯೇ ತಿಳಿದುಕೊಳ್ಳುತ್ತಿದ್ದೆವು.

ಬಾಲವನ್ನು ಬಿಸಾಡದೆ ಬಳಸುವುದನ್ನು ಅವರು ಮಗ್ಗದಿಂದಲೇ ಕಲಿತದ್ದು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿದಾಗ ಕೊನೆಯ ಒಂದು ಮೊಳ ನೂಲು ನೇಯಲು ಬರುವುದಿಲ್ಲ. ತಿಳಿಯದವರು ಅದನ್ನು ದಂಡ ಎಂದುಕೊಳ್ಳುತ್ತಾರೆ. ಆದರೆ ಆ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರ ಒಂದೊಂದು ಎಳೆಗೆ ಹೊಸೆದು ಕೂಡಿಸಬೇಕು. ತುದಿ ಕತ್ತರಿಸಿಬಿಟ್ಟರೆ ಮುಂದಿನ ಸೀರೆಗೆ ದಾರಿಯೇ ಇಲ್ಲ. ಇದು ನೇಕಾರರ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ವಿಷಯ... ಅಣ್ಣನ ಮಗನಿಗೂ ಗೊತ್ತಿರಬೇಕಿತ್ತು.

ನನ್ನ ತವರು ತೂಬಗೆರೆ. ರಾಗಿ ಬೆಳೆಯುವ ಮನೆ. ಮದುವೆಯಾಗಿ ಮಗ್ಗದ ಮನೆಗೆ ಬಂದೆ. ನಮ್ಮ ಮದುವೆಗೆ ವಿಡಿಯೋ ಮಾಡಿಸಲಿಲ್ಲ, ನಾಲ್ಕು ಫೋಟೋ ಅಷ್ಟೆ. ಮೊದಲ ವರ್ಷದ ಆಷಾಢಕ್ಕೆ ಹೊಸ ಹೆಣ್ಣು ಅತ್ತೆ ಮನೆಯಲ್ಲಿ ಇರಬಾರದು ಎಂದು ಅಪ್ಪ ಬಂದು ತವರಿಗೆ ಕರೆದುಕೊಂಡು ಹೋದರು. ಆಷಾಢದಲ್ಲಿ ಸೀರೆ ವ್ಯಾಪಾರವೂ ಮಂದ. ನಮ್ಮ ಬೀದಿಯ ಗಂಡಸರು ಹಿಂದಿನ ಬೀದಿಯವರ ಮೇಲೆ ಕಬಡ್ಡಿ ಕಟ್ಟಿದರು. ನಮ್ಮ ಯಜಮಾನರು ಒಳ್ಳೆ ಆಟಗಾರರು ಎಂದು ನಾನು ಕೇಳಿದ್ದೆನೇ ಹೊರತು ಒಂದು ದಿನವೂ ನೋಡಿರಲಿಲ್ಲ. ಆ ಆಟವೂ ನನಗೆ ತಪ್ಪಿತು. ಅದಕ್ಕೇ ಕ್ಯಾಸೆಟ್ ಅಣ್ಣ ಕ್ಯಾಮೆರಾ ತೆಗೆದುಕೊಂಡು ಶಾಲೆಯ ಮೈದಾನಕ್ಕೆ ಹೋದದ್ದು. "ಹೆಂಡ್ತಿ ಊರಲ್ಲಿಲ್ಲ, ಇವನು ಗೆದ್ದೆ ಅಂದ್ರೆ ಅವಳು ನಂಬ್ತಾಳಾ? ಸಾಕ್ಷಿ ಬೇಡ್ವಾ?" ಎಂದು ಎಲ್ಲರ ಮುಂದೆ ಗೇಲಿ ಮಾಡಿದ್ದರಂತೆ.

ಆ ಆಟವನ್ನು ಅವರು ಓಟಗಾರರ ಒಂದು ಸಾಕ್ಷ್ಯಚಿತ್ರದ ಬಾಲಕ್ಕೆ ಸೇರಿಸಿದರು. ಅದು ಯಾವುದೋ ದೇಶದ್ದು, ಕಪ್ಪು ಬಿಳುಪು, ಇಂಗ್ಲಿಷ್ ಮಾತು. ಅಣ್ಣನಿಗೆ ಆ ಕ್ಯಾಸೆಟ್ಟೆಂದರೆ ಪ್ರಾಣ. ಊರಿನಲ್ಲಿ ಇನ್ನಾರೂ ಅದನ್ನು ಕೇಳುತ್ತಿರಲಿಲ್ಲ. ಬಂದವರಿಗೆಲ್ಲ ಒತ್ತಾಯ ಮಾಡಿ ತೋರಿಸುತ್ತಿದ್ದರು, ಪಕ್ಕದಲ್ಲಿ ನಿಂತು ತಾವೇ ಕನ್ನಡದಲ್ಲಿ ಹೇಳುತ್ತಿದ್ದರು. "ಈಗ ನೋಡಿ, ಇವನ ಕಾಲು ಹಿಡ್ಕೊಂಡೈತೆ, ಆದ್ರೂ ನಿಲ್ಲಲ್ಲ ನನ್ಮಗ." ಅವರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. "ಆಟಕ್ಕೆ ಆಟ ಸೇರಲಿ ಅಂತ ಇದ್ರಲ್ಲಿ ಹಾಕಿದೀನಿ ಕಣಮ್ಮ" ಎಂದು ನನಗೆ ಹೇಳಿದರು. "ಇದನ್ನ ಯಾರೂ ಕೇಳಲ್ಲ. ಸವೆಯಲ್ಲ. ಭದ್ರವಾಗಿರ್ತೈತೆ."

ಶ್ರಾವಣದಲ್ಲಿ ನಾನು ವಾಪಸು ಬಂದಾಗ ಅವರ ನಡುಮನೆಯಲ್ಲಿ ಅದನ್ನು ಹಾಕಿದರು. ನಮ್ಮವರು ನಾಚಿಕೆಯಿಂದ ಬಾಗಿಲ ಹತ್ತಿರವೇ ನಿಂತರು. ಹತ್ತು ಹನ್ನೆರಡು ನಿಮಿಷದ ಬಾಲ. ಗಾಳಿಯ ಸದ್ದು, ಕೇಕೆ, ಮಣ್ಣು. ಅದರ ನಡುವೆ ನಮ್ಮವರು ಗೆರೆ ದಾಟಿ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಹೋಗಿ, ಮೂರು ಜನ ಹಿಡಿದರೂ ಎಳೆದುಕೊಂಡೇ ಬಂದು ಗೆರೆ ಮುಟ್ಟುತ್ತಾರೆ. ಕೊನೆಯಲ್ಲಿ ಮೈತುಂಬ ಮಣ್ಣು ಮೆತ್ತಿಕೊಂಡು ಕ್ಯಾಮೆರಾ ಹತ್ತಿರ ಬರುತ್ತಾರೆ. ಅಣ್ಣನ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. "ಲೇ, ಹೆಂಡ್ತಿಗೆ ಏನಾದ್ರೂ ಹೇಳೋ." ನಮ್ಮವರು ಮುಖ ಒರೆಸಿಕೊಂಡು ಹೇಳುತ್ತಾರೆ: "ತೂಬಗೆರೆಯೋಳೇ, ಶ್ರಾವಣ ಹತ್ರ ಬಂತು. ನಿಮ್ಮವ್ವನ ಮನೆ ಹೋಳಿಗೆ ಇನ್ನೂ ಮುಗೀಲಿಲ್ವಾ? ಬಂದ್ಬಿಡು. ನನ್ನ ಕೈ ಅಡುಗೆ ನಾಯೀನೂ ಮೂಸ್ತಿಲ್ಲ." ಸುತ್ತ ನಿಂತವರೆಲ್ಲ ನಗುತ್ತಾರೆ. ಅಷ್ಟೇ, ಮುಗಿಯಿತು.

ನಾನು ಅದನ್ನು ನೋಡಿದ್ದು ಒಂದೇ ಒಂದು ಸಲ. ಗಂಡ ಎದುರಿಗೇ ಇರುವಾಗ ಟಿವಿಯಲ್ಲಿ ಮತ್ತೆ ಮತ್ತೆ ಯಾಕೆ ನೋಡಬೇಕು?

ಮಗಳಿಗೆ ಒಂದೂವರೆ ವರ್ಷವಿದ್ದಾಗ ನಮ್ಮವರು ಹೋದರು. ಮಗ್ಗದ ಮುಂದೆ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರು. ನಾನು ನೋಡಿ ಓಡಿಬರುವಾಗಲೂ ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ಅದನ್ನು ಯಾರು ನಿಲ್ಲಿಸಿದರೋ ನನಗೆ ಗೊತ್ತಿಲ್ಲ.

ಮೂರು ತಿಂಗಳ ಮೇಲೆ ಕ್ಯಾಸೆಟ್ ಅಣ್ಣ ಮನೆಗೆ ಬಂದರು. ಕೈಯಲ್ಲಿ ಆ ಕ್ಯಾಸೆಟ್ಟಿತ್ತು. "ನೋಡ್ತೀಯೇನಮ್ಮ?" ಎಂದು ಕೇಳಿದರು. ಬೇಡ ಅಂದೆ. ನನಗೆ ಆಗ ನಮ್ಮವರ ಚಪ್ಪಲಿ ನೋಡಲೂ ಆಗುತ್ತಿರಲಿಲ್ಲ. ಅಣ್ಣ ಕೆಳಗೆ ಕೂತರು. ಡಬ್ಬಿಯಿಂದ ಕ್ಯಾಸೆಟ್ಟನ್ನು ಹೊರಕ್ಕೆ ತೆಗೆದು ಜೇಬಿಗಿಟ್ಟುಕೊಂಡು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ಇದು ನಿನ್ನ ಹತ್ರ ಇರಲಿ. ನಿನಗೆ ಯಾವಾಗ ಆಗ್ತೈತೋ ಆಗ ತಗೊಂಡು ಬಾ. ಅಲ್ಲೀತನಕ ಅದು ನಿಂದೇ. ಎಲ್ಲೂ ಹೋಗಲ್ಲ."

ಇಪ್ಪತ್ತು ವರ್ಷ ಅವರು ಆ ಮಾತು ಉಳಿಸಿಕೊಂಡರು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಆಮೇಲೆ ಡಿ.ವಿ.ಡಿ. ಬಂತು, ಕೊನೆಗೆ ಎಲ್ಲರ ಕೈಗೂ ಫೋನ್ ಬಂದು ಅಂಗಡಿಯೇ ಮುಚ್ಚಿತು. ಅವರು ಕ್ಯಾಸೆಟ್ಟುಗಳನ್ನು ಅಟ್ಟದ ಮೇಲೆ ಮೂಟೆ ಕಟ್ಟಿಟ್ಟರು. ವರ್ಷಕ್ಕೊಂದು ಸಲ ಬೇಸಿಗೆಯಲ್ಲಿ ಎಲ್ಲವನ್ನೂ ಕೆಳಗಿಳಿಸಿ, ಬೂಷ್ಟು ಬಂದಿದೆಯೇ ನೋಡಿ, ಒಂದೊಂದನ್ನೂ ವಿಸಿಆರಿನಲ್ಲಿ ಹಾಕಿ ಕೊನೆಯವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತುತ್ತಿದ್ದರು. ಬೀದಿಯವರು ನಗುತ್ತಿದ್ದರು. "ಅಣ್ಣ ರೇಷ್ಮೆ ಹುಳ ಸಾಕ್ದಂಗೆ ಸಾಕ್ತವ್ರೆ" ಅನ್ನುತ್ತಿದ್ದರು. ನಾನೂ ನಕ್ಕಿದ್ದೇನೆ.

ಪ್ರತಿ ವರ್ಷ ಕೇಳುತ್ತಿದ್ದರು. ಪ್ರತಿ ವರ್ಷ ನಾನು ಒಂದು ನೆಪ ಹೇಳುತ್ತಿದ್ದೆ. ಮಗಳ ಪರೀಕ್ಷೆ, ಅತ್ತೆಗೆ ಹುಷಾರಿಲ್ಲ, ಹಬ್ಬದ ಸೀರೆ. ಮೊದಲ ಕೆಲವು ವರ್ಷ ನಿಜವಾಗಿಯೂ ಭಯ. ಆಮೇಲೆ ಭಯ ಹೋಗಿ ಬರೀ ಅಭ್ಯಾಸ ಉಳಿದಿತ್ತು. ಇದೆಯಲ್ಲ, ನೋಡಿದರಾಯಿತು... ಇರುವ ವಸ್ತುವಿನ ಬಗ್ಗೆ ಮನುಷ್ಯ ಇಷ್ಟು ಅಸಡ್ಡೆ ಮಾಡುತ್ತಾನೆ ಎಂದು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಅಣ್ಣ ಹಾಸಿಗೆ ಹಿಡಿದ ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರನ್ನು ನೋಡಲು ಹೋಗಿದ್ದೆ. ಅವರ ಮಗ ಅಂಗಡಿಯಿದ್ದ ಜಾಗದಲ್ಲೇ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯವನು. ಅಪ್ಪನನ್ನು ಚೆನ್ನಾಗಿ ನೋಡಿಕೊಂಡ, ಅದರಲ್ಲಿ ಮಾತಿಲ್ಲ. ಆ ದಿನ ಇಬ್ಬರು ಆಳುಗಳು ಅಟ್ಟದಿಂದ ಮೂಟೆಗಳನ್ನು ಇಳಿಸಿ ಹೊರಗೆ ನಿಂತಿದ್ದ ಆಟೋಗೆ ಹಾಕುತ್ತಿದ್ದರು.

"ಎಲ್ಲಿಗಪ್ಪ ಇದೆಲ್ಲ?" ಎಂದು ಕೇಳಿದೆ.

"ಬೆಂಗಳೂರಿಗೆ ಅತ್ತೆ. ಎಲ್ಲಾ ಕಂಪ್ಯೂಟರ್‌ಗೆ ಹಾಕಿಸ್ತಿದೀನಿ. ಇನ್ನು ಬೂಷ್ಟು ಬರಲ್ಲ, ಹಾಳಾಗಲ್ಲ. ಅಪ್ಪ ಜೀವಮಾನ ಎಲ್ಲಾ ಕೂಡಿಟ್ಟಿದ್ದು ಸುಮ್ನೆ ಹೋಗ್ಬಾರದಲ್ಲ."

ನನಗೆ ಸಂತೋಷವೇ ಆಯಿತು. ಹಾಳಾಗುವುದಿಲ್ಲವಂತೆ ಎಂದು ಅಣ್ಣನ ಹಾಸಿಗೆಯ ಪಕ್ಕ ಕೂತು ಅವರಿಗೂ ಹೇಳಿದೆ. ಅಣ್ಣ ಬಾಗಿಲ ಕಡೆಗೇ ನೋಡುತ್ತಿದ್ದರು. ಒಂದೊಂದು ಮೂಟೆ ಹೊರಗೆ ಹೋದಾಗಲೂ ಎಡಗೈ ಎತ್ತಿ ಮಂಚದ ಪಟ್ಟಿಯ ಮೇಲೆ ಉಗುರಿನಿಂದ ತಟ್ಟುತ್ತಿದ್ದರು. ಎರಡು ಸಲ. ಸ್ವಲ್ಪ ತಡೆದು ಮತ್ತೆ ಎರಡು ಸಲ. ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು.

"ಅಪ್ಪಂಗೆ ಬಾಯಾರಿಕೆ ಅನ್ಸತ್ತೆ ಅತ್ತೆ, ಸ್ವಲ್ಪ ನೀರು ಕೊಡಿ" ಎಂದು ಮಗ ಹೊರಗಿನಿಂದ ಕೂಗಿದ.

ನಾನು ಅವರ ತಲೆ ಎತ್ತಿ ಹಿಡಿದು ಚಮಚದಲ್ಲಿ ನೀರು ಹಾಕಿದೆ. ಕುಡಿದರು. ಕಣ್ಣಿನಲ್ಲಿ ನೀರು ಬಂತು. ಅಂಗಡಿಯ ನೆನಪಾಗಿರಬೇಕು ಎಂದುಕೊಂಡು ಸೆರಗಿನಿಂದ ಒರೆಸಿದೆ. ಮತ್ತೆ ತಟ್ಟಿದರು. ಮತ್ತೆ ನೀರು ಕೊಟ್ಟೆ.

ಇಪ್ಪತ್ತೈದು ವರ್ಷ ಆ ಸನ್ನೆಯನ್ನು ನೋಡಿದವಳು ನಾನು. ಕೊನೇತನಕ ನೋಡಿ, ಬಾಲ ಇದೆ ಎಂದು ಅವರು ಹೇಳುತ್ತಿದ್ದರು. ಹಾಸಿಗೆಯಲ್ಲಿ ಬಿದ್ದ ಆ ಮನುಷ್ಯನಿಗೆ ಉಳಿದಿದ್ದ ಒಂದೇ ಒಂದು ಮಾತು ಅದು, ಅದನ್ನು ನನಗೇ ಹೇಳುತ್ತಿದ್ದರು, ಮತ್ತು ನಾನು ಅವರ ಬಾಯಿಗೆ ನೀರು ಹಾಕುತ್ತಾ ಕೂತೆ.

ಹೋದ ವರ್ಷ ದಸರೆ ಕಳೆದ ಮೇಲೆ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಮಗ ಬಂದವರಿಗೆಲ್ಲ ಒಂದೊಂದು ಪೆನ್ ಡ್ರೈವ್ ಕೊಟ್ಟ. "ಅಪ್ಪನ ನೆನಪಿಗೆ. ಅವರ ಎಲ್ಲಾ ಕ್ಯಾಸೆಟ್ಟೂ ಇದ್ರಲ್ಲೈತೆ. ಹಳೇ ಸಿನಿಮಾ, ಧಾರಾವಾಹಿ, ಆಟ, ಎಲ್ಲಾ." ಜನ ಮೆಚ್ಚಿಕೊಂಡರು. ಇಂಥ ಮಗ ಸಿಗಬೇಕು ಎಂದರು. ನಾನೂ ಅಂದೆ. ಅದನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಬಂದೆ.

ಮಾರನೇ ಭಾನುವಾರ ಮಗಳಿಗೆ ರಜೆ. ಅವಳು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಕರೆಂಟ್ ಇದ್ದರೂ ನಾನು ಅವತ್ತು ಮಗ್ಗ ಹಾಕಲಿಲ್ಲ. ಹೊಸಬರ ಮನೆಗೆ ಹೋಗುವವಳ ಹಾಗೆ ತಲೆ ಬಾಚಿಕೊಂಡು ಬೇರೆ ಸೀರೆ ಉಟ್ಟೆ. ಮಗಳು ಕೇಳಿದಳು, "ಯಾಕಮ್ಮ, ಎಲ್ಲಿಗೆ ಹೊರಟೆ?" ಬೀರುವಿನಿಂದ ಡಬ್ಬಿ ತೆಗೆದು ತಂದೆ. ಅದರ ಮೇಲಿನ ಹೆಸರನ್ನು ಓದಿ ಪೆನ್ ಡ್ರೈವಿನ ಪಟ್ಟಿಯಲ್ಲಿ ಅವಳೇ ಹುಡುಕಿದಳು. ಸಿಕ್ಕಿತು. ಇಪ್ಪತ್ತು ವರ್ಷ ಡಬ್ಬಿ ಇಟ್ಟುಕೊಂಡದ್ದಕ್ಕೆ ಕೊನೆಗೂ ಸಾರ್ಥಕವಾಯಿತು ಎಂದುಕೊಂಡೆ.

ಅವಳು ನೇರವಾಗಿ ಕೊನೆಗೆ ಓಡಿಸುತ್ತೇನೆ ಎಂದಳು. ನಾನು ಬೇಡ ಅಂದೆ. ಅಣ್ಣ ತೋರಿಸುತ್ತಿದ್ದಂತೆ ಮೊದಲಿಂದ ನೋಡೋಣ ಎಂದೆ. ಒಂದೂವರೆ ಗಂಟೆ ಕೂತೆವು. ಯಾವ ದೇಶದವರೋ ಓಡಿದರು, ಬಿದ್ದರು, ಎದ್ದರು. ಅಣ್ಣ ಹೇಳುತ್ತಿದ್ದ ಮಾತುಗಳನ್ನು ನಾನು ಮಗಳಿಗೆ ಹೇಳಿದೆ. ಕೊನೆಗೆ ಕಾಲು ಹಿಡಿದುಕೊಂಡಿದ್ದ ಆ ತೆಳ್ಳಗಿನವನು ಎಲ್ಲರಿಗಿಂತ ಹಿಂದೆ ಬಂದು ಗೆರೆ ದಾಟಿ ಹುಲ್ಲಿನ ಮೇಲೆ ಕೂತ. ಹೆಸರುಗಳು ಮೇಲೆ ಹೋದವು. ನಾನು ಮಗಳ ಕೈ ಹಿಡಿದುಕೊಂಡೆ. ಪರದೆ ಕಪ್ಪಾಯಿತು.

ಆಮೇಲೆ ಸಿನಿಮಾಗಳ ಪಟ್ಟಿ ಬಂತು.

"ಮುಗೀತಮ್ಮ" ಅಂದಳು.

"ಇಲ್ಲ, ಇರು. ಬರತ್ತೆ."

"ಮುಗೀತು. ಇನ್ನೇನೂ ಇಲ್ಲ ಇದ್ರಲ್ಲಿ."

ಬೇರೆ ಏಳೆಂಟು ಸಿನಿಮಾಗಳ ಕೊನೆಯನ್ನೂ ಹಾಕಿ ನೋಡಿದಳು. ಶುಭಂ ಎಂದು ಬಂದದ್ದೇ ತಡ, ಕತ್ತರಿಸಿದಂತೆ ನಿಲ್ಲುತ್ತಿತ್ತು. ಒಂದರಲ್ಲೂ ಬಾಲ ಇರಲಿಲ್ಲ. ನಲ್ಲಿ ಜಗಳ ಇಲ್ಲ, ಗಾಳಿಪಟ ಇಲ್ಲ, ಮುದುಕರು ಇಲ್ಲ.

ನಾನು ಡಬ್ಬಿ ಹಿಡಿದುಕೊಂಡು ಮೊಬೈಲ್ ಅಂಗಡಿಗೆ ಹೋದೆ. ಅಣ್ಣನ ಮಗ ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದ. ಕೇಳಿದೆ. ಅವನು ತಲೆ ಎತ್ತದೆ ಹೇಳಿದ, "ಹೌದು ಅತ್ತೆ, ಆ ಬೆಂಗಳೂರಿನೋರು ಫೋನ್ ಮಾಡಿದ್ರು. ಸಿನಿಮಾ ಮುಗಿದ ಮೇಲೆ ಏನೋ ಗಲೀಜು ರೆಕಾರ್ಡಿಂಗ್ ಐತೆ, ಬರೀ ಗಾಳಿ ಸೌಂಡು, ಇಡ್ಬೇಕಾ ಅಂತ. ನಾನೇ ಬೇಡ ಅಂದೆ."

"ಅದು ಬಾಲ ಅಂತ ನಿನಗೆ ಗೊತ್ತಿರಲಿಲ್ವೇನೋ?"

"ಗೊತ್ತಿತ್ತು. ಅದ್ರಲ್ಲೇನಿತ್ತು ಅತ್ತೆ, ನಮ್ಮೂರಿನ ಜನ ತಾನೆ?"

"ನಿಮ್ಮಪ್ಪ ಮಂಚ ತಟ್ತಾ ಇದ್ರಲ್ಲೋ..."

ಆಗ ತಲೆ ಎತ್ತಿದ. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದ. ಅಂಟಿಸುತ್ತಿದ್ದ ಫೋನನ್ನು ಕೆಳಗಿಟ್ಟ. ಕ್ಯಾಸೆಟ್ಟುಗಳೆಲ್ಲಿ ಎಂದು ಕೇಳಿದೆ. ಕಂಪ್ಯೂಟರಿಗೆ ಹಾಕಿದ ಮೇಲೆ ಅವನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಗುಜರಿಗೆ ಹಾಕಿಸಿದ್ದನಂತೆ. ಅವನು ಕ್ಷಮಿಸಿ ಅತ್ತೆ ಎಂದ. ನಾನು ಕ್ಷಮಿಸಲಿಲ್ಲ. ಈಗಲೂ ಇಲ್ಲ. ಅವನು ಒಳ್ಳೆಯವನು ಎಂದು ಮೇಲೆ ಬರೆದೆನಲ್ಲ, ಅದೂ ನಿಜ, ಇದೂ ನಿಜ. ಅವನು ಉಳಿಸಿದ ಸಿನಿಮಾಗಳೆಲ್ಲ ಇವತ್ತು ಯಾರ ಫೋನಿನಲ್ಲಿ ಬೇಕಾದರೂ ಸಿಗುತ್ತವೆ. ಅವನ್ನು ಉಳಿಸುವ ಅಗತ್ಯವೇ ಇರಲಿಲ್ಲ. ಲೋಕದಲ್ಲಿ ಬೇರೆಲ್ಲೂ ಸಿಗದದ್ದು ಆ ಹತ್ತು ಹನ್ನೆರಡು ನಿಮಿಷ. ಅದನ್ನು ಫೋನಿನಲ್ಲಿ ಒಂದು ಮಾತು ಹೇಳಿ ಕತ್ತರಿಸಿಹಾಕಿದ. ನೇಕಾರರ ಮನೆಯ ಮಗ.

ಗುಜರಿಯವನ ಹತ್ತಿರವೂ ಹೋದೆ. ಅವನು ತಲೆ ಕೆರೆದುಕೊಂಡು ನೆನಪು ಮಾಡಿಕೊಂಡ. "ಅದಾ ಅಕ್ಕ? ಪ್ಲಾಸ್ಟಿಕ್ಕು ಪುಡಿಗೋಯ್ತು. ರೀಲೆಲ್ಲ ತೂಬಗೆರೆ ಕಡೆ ರೈತರು ತಗೊಂಡೋದ್ರು. ತೆನೆ ಬಂದಾಗ ಹೊಲಕ್ಕೆ ಕಟ್ತಾರಲ್ಲ, ಹಕ್ಕಿ ಬರ್ದಂಗೆ."

ಆ ವಾರವೇ ತಮ್ಮನ ಮನೆಗೆಂದು ತೂಬಗೆರೆ ಬಸ್ಸು ಹತ್ತಿದೆ. ಊರಿಗೆ ಸ್ವಲ್ಪ ಮುಂಚೆಯೇ ಕಂಡಿತು. ರಾಗಿ ತೆನೆ ಬಲಿತಿತ್ತು. ಹೊಲದ ಉದ್ದಕ್ಕೂ ಕಡ್ಡಿಯಿಂದ ಕಡ್ಡಿಗೆ ಕಪ್ಪು ರೀಲು ಎಳೆದು ಕಟ್ಟಿದ್ದರು. ಬಸ್ಸು ನಿಲ್ಲಿಸಿ ಇಳಿದೆ. ಹೊಲದಲ್ಲಿದ್ದ ಹೆಂಗಸು ನನ್ನನ್ನು ಅನುಮಾನದಿಂದ ನೋಡಿದಳು.

"ಏನಕ್ಕ, ಯಾರು ಬೇಕಿತ್ತು?"

"ಯಾರೂ ಇಲ್ಲಮ್ಮ. ಈ ರೀಲು ನೋಡ್ತಿದ್ದೆ."

"ಅದಾ? ಒಳ್ಳೆ ಕೆಲ್ಸ ಮಾಡ್ತೈತೆ ಕಣಕ್ಕ. ಗಾಳಿ ಬಂದ್ರೆ ಸಾಕು, ಕೂಗ್ತೈತೆ. ಒಂದು ಹಕ್ಕಿ ಕೂರಲ್ಲ."

ಗಾಳಿ ಬಂತು. ರೀಲು ನಡುಗಿ ಗುಯ್ ಎಂದು ಸದ್ದು ಮಾಡಿತು. ಅದು ಯಾವ ಸಿನಿಮಾದ್ದೋ, ಯಾವ ಧಾರಾವಾಹಿಯದ್ದೋ. ನಮ್ಮವರು ಅದರಲ್ಲಿ ಇದ್ದಾರೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಅದು ಹಕ್ಕಿ ಓಡಿಸುವ ಪ್ಲಾಸ್ಟಿಕ್ ಪಟ್ಟಿ, ಅಷ್ಟೆ. ಮುಂದಿನ ಬಸ್ಸಿಗೆ ತಮ್ಮನ ಮನೆಗೂ ಹೋಗದೆ ವಾಪಸು ಬಂದೆ.

ಸಿಟ್ಟು ಅಣ್ಣನ ಮಗನ ಮೇಲೆ ಇದೆ, ನನ್ನ ಮೇಲೆ ಇದೆ. ಬರೆಯುತ್ತಾ ಕೂತ ಮೇಲೆ ತಿಳಿಯುತ್ತಿದೆ, ಎಲ್ಲಕ್ಕಿಂತ ಹೆಚ್ಚು ಅಣ್ಣನ ಮೇಲೇ ಇದೆ. ಇಷ್ಟು ಜನರ ಮುಖ, ಮಾತು ಕೂಡಿಟ್ಟವರು ಯಾವುದರಲ್ಲಿ ಏನಿದೆ ಎಂದು ಒಂದು ಚೀಟಿ ಬರೆದಿಡಬಾರದಿತ್ತೇ? ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು, ಬೆರಳಿನಿಂದ ತಟ್ಟಿದರೆ ಸಾಕು, ಜನ ತಿಳಿದುಕೊಳ್ಳುತ್ತಾರೆ ಎಂದು ಹೇಗೆ ನಂಬಿದರು? ನಾನು ಬೇಡ ಎಂದ ದಿನ ಡಬ್ಬಿಯ ಬದಲು ಕ್ಯಾಸೆಟ್ಟನ್ನೇ ನನ್ನ ಮಡಿಲಿಗೆ ಎಸೆದು ಹೋಗಬಾರದಿತ್ತೇ? ಹಬ್ಬ ಕಳೆಯಲಿ ಎಂದ ದಿನ ನಾಲ್ಕು ಬೈದು, ಕೈ ಹಿಡಿದು ಎಳೆದುಕೊಂಡು ಹೋಗಿ ಟಿವಿ ಮುಂದೆ ಕೂರಿಸಬಾರದಿತ್ತೇ? ನಗುತ್ತಾ ಸುಮ್ಮನಾದರು. ನನ್ನ ಮಾತಿಗೆ ಅಷ್ಟು ಬೆಲೆ ಕೊಡಬಾರದಿತ್ತು. ಎದುರಿಗಿದ್ದರೆ ಇದನ್ನೆಲ್ಲ ಅವರ ಮುಖಕ್ಕೇ ಹೇಳುತ್ತಿದ್ದೆ. ಅವರು ವಿಸಿಆರ್ ಒರೆಸುತ್ತಾ, "ಆಯ್ತು ಬಿಡಮ್ಮ, ಈಗ ಹಾಕ್ಲಾ?" ಅನ್ನುತ್ತಿದ್ದರು... ಹಾಕುವವರಿಲ್ಲ.

ಡಬ್ಬಿಯನ್ನು ಮತ್ತೆ ಬೀರುವಿನಲ್ಲಿ ಇಟ್ಟಿದ್ದೇನೆ. ಮಗಳು ಒಮ್ಮೊಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಅವಳಪ್ಪನ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿ ತೋರಿಸುತ್ತಾಳೆ. ಒಂದು ಸಲ ದಪ್ಪ ದನಿ, ಒಂದು ಸಲ ಮೂಗಿನಿಂದ, ಒಂದು ಸಲ ಏದುಸಿರು ಬಿಡುತ್ತಾ. "ತೂಬಗೆರೆಯೋಳೇ, ಬಂದ್ಬಿಡು. ಹಿಂಗಾಮ್ಮ? ಹಿಂಗಾ?"

ನನಗೆ ಒಂದು ಅಕ್ಷರವೂ ಮರೆತಿಲ್ಲ. ಹೋಳಿಗೆ, ನಾಯಿ, ಶ್ರಾವಣ, ಎಲ್ಲವೂ ನೆನಪಿದೆ. ಆದರೆ ಅವಳು ಹೇಳುವ ಯಾವ ದನಿಗೂ ಹೌದು ಎನ್ನಲು ನನ್ನಿಂದ ಆಗುವುದಿಲ್ಲ. ಮಾತು ಉಳಿದಿದೆ. ದನಿ ಇಲ್ಲ.